ಬಾಯಿ ಮುಚ್ಚಿ ಅಭಿನಯಿಸುವ ಸುತ್ತು

ನನ್ನ ಜೀವಮಾನದಲ್ಲಿ ನಾನು ಟೀವಿಯಲ್ಲಿ ಕಾಣಿಸಿಕೊಂಡದ್ದು ಒಂದೇ ಸಲ. ಅಲ್ಲಿ ನನಗೆ ವಹಿಸಿದ್ದ ಕೆಲಸವೂ ಒಂದೇ: ಬಾಯಿ ಮುಚ್ಚಿಕೊಂಡು ಕುರ್ಚಿಯ ಮೇಲೆ ಕೂರುವುದು. ಅದು ನನ್ನಿಂದ ಆಗಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಹೊನ್ನಾವರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಪಾಠ ಮಾಡುವುದು ನನ್ನ ಕೆಲಸವಲ್ಲದಿದ್ದರೂ ಪೇಟೆಯವರೆಲ್ಲ ನನ್ನನ್ನು ‘ಮಾಸ್ತರ್ರೆ’ ಎಂದೇ ಕರೆಯುತ್ತಿದ್ದರು, ನಾನೂ ತಿದ್ದಲು ಹೋಗಿರಲಿಲ್ಲ. ಆಗ ಭಟ್ಕಳ, ಹೊನ್ನಾವರ, ಕುಮಟೆ ಮೂರು ಕಡೆಯೂ ಕೇಬಲ್ಲಿನವರು ತಮ್ಮದೇ ಒಂದೊಂದು ಚಾನೆಲ್ಲು ನಡೆಸುತ್ತಿದ್ದರು. ಅದರಲ್ಲಿ ಬೆಳಿಗ್ಗೆ ಯಾರದೋ ಮದುವೆಯ ಕ್ಯಾಸೆಟ್ಟು, ಸಂಜೆ ಇನ್ಯಾರದೋ ಮಗುವಿನ ಹುಟ್ಟುಹಬ್ಬದ ಫೋಟೋ, ಕೆಳಗೆ ಸೀರೆ ಅಂಗಡಿಯ ಜಾಹೀರಾತು ಸಾಲಾಗಿ ಹರಿದು ಹೋಗುತ್ತಿತ್ತು. ಆ ವರ್ಷ ಮೂವರೂ ಸೇರಿ ಒಂದು ಹಾಡಿನ ಸ್ಪರ್ಧೆ ಇಟ್ಟರು. ವಯಸ್ಸಿನ ನಿರ್ಬಂಧವಿಲ್ಲ. ಮೊದಲ ಸುತ್ತುಗಳು ಅವರವರ ಊರಲ್ಲಿ, ಅವರವರ ಚಾನೆಲ್ಲಿನಲ್ಲಿ ಮಾತ್ರ. ಪ್ರತಿ ಊರಿನಿಂದ ಆಯ್ಕೆಯಾದ ನಾಲ್ವರಿಗೆ ಕುಮಟೆಯಲ್ಲಿ ಅಂತಿಮ ಸುತ್ತು. ಅದನ್ನು ಮಾತ್ರ ಮೂರು ಊರಲ್ಲೂ ತೋರಿಸುವುದು.

ಈ ಕೊನೆಯ ನಿಯಮವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ಹೆಂಡತಿ ಅದನ್ನು ಒಂದು ದಿನವೂ ಮರೆಯಲಿಲ್ಲ.

ಅವಳ ತವರು ಕುಮಟೆಯ ಹತ್ತಿರದ ಬಾಡ. ಅವಳಿಗೆ ಹಾಡು ಬಂದದ್ದು ತಾಯಿಯಿಂದ. ನನ್ನ ಅತ್ತೆ ನೆಟ್ಟಿಯ ಗದ್ದೆಯಲ್ಲಿ ಸಸಿ ನೆಡುವ ಸಾಲಿಗೆ ಮುಂದಾಳಾಗಿ ಹಾಡು ಎತ್ತುತ್ತಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಗದ್ದೆಗೂ ಇಲ್ಲ, ಬಸ್ಸು ಹತ್ತುವುದೂ ಇಲ್ಲ. ಆ ವರ್ಷವಷ್ಟೇ ಕುಮಟೆಯ ಕೇಬಲ್ಲು ತೆಂಗಿನ ಮರದಿಂದ ತೆಂಗಿನ ಮರಕ್ಕೆ ಹಾರುತ್ತ ಬಾಡದವರೆಗೆ ಬಂದಿತ್ತು. ಮಗಳು ಸ್ಪರ್ಧೆಗೆ ಹೆಸರು ಕೊಟ್ಟ ಸುದ್ದಿ ಕೇಳಿ ಅತ್ತೆ ಟೀವಿ ತರಿಸಿಕೊಂಡಳು. ಮಗಳ ಹಾಡನ್ನು ಮೈಕಿನಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ. ಹೊನ್ನಾವರದ ಚಾನೆಲ್ಲು ಬಾಡಕ್ಕೆ ಹೋಗುವುದಿಲ್ಲ. ಅಮ್ಮ ನೋಡಬೇಕೆಂದರೆ ಮಗಳು ಕುಮಟೆಗೆ ಹೋಗಲೇಬೇಕು.

ಎರಡು ಸುತ್ತು ಅವಳು ಸಲೀಸಾಗಿ ದಾಟಿದಳು. ಊರಿನ ಕೊನೆಯ ಸುತ್ತಾದ ಮೂರನೆಯದರಲ್ಲಿ ಕೇಬಲ್ಲಿನವನಿಗೆ ಹೊಸ ಬುದ್ಧಿ ಹೊಳೆಯಿತು. ಹಾಡಿದರಷ್ಟೇ ಸಾಲದು, ಹಾಡುತ್ತಲೇ ಅಭಿನಯಿಸಬೇಕು. ಚೀಟಿಯಲ್ಲಿ ಬಂದ ಸನ್ನಿವೇಶಕ್ಕೆ ಹಾಡು ತಾವೇ ಆರಿಸಿಕೊಳ್ಳಬೇಕು. ಜೊತೆಗೆ ಒಬ್ಬರನ್ನು ಕರೆತರಬಹುದು. ಆ ಜೊತೆಗಾರ ಮುಖದಲ್ಲಿ, ಕೈಯಲ್ಲಿ ಏನು ಬೇಕಾದರೂ ಮಾಡಲಿ, ಮಾತಾಡಕೂಡದು. ಮಾತಾಡಿದರೆ ಪ್ರತಿ ಸಲಕ್ಕೂ ಅಂಕ ಕಡಿತ.

ನಮ್ಮ ಕರಾವಳಿಯವರಿಗೆ ಇದು ಎಂಥ ಪೇಚು ಎಂಬುದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಯಕ್ಷಗಾನದ ಆಟದಲ್ಲಿ ಹಾಡುವವನು ಭಾಗವತ, ಅವನು ಕುಣಿಯುವುದಿಲ್ಲ. ಕುಣಿಯುವವನು ವೇಷಧಾರಿ, ಅವನು ಹಾಡುವುದಿಲ್ಲ. ಇಬ್ಬರ ಕೆಲಸವನ್ನೂ ಒಬ್ಬರ ತಲೆಗೆ ಕಟ್ಟುವ ಯೋಚನೆ ನಮ್ಮ ಹಿರಿಯರಿಗೆ ಕನಸಿನಲ್ಲೂ ಬಂದಿರಲಿಲ್ಲ. ಶಿರಾಲಿಯಿಂದ ನಮ್ಮೂರಿಗೆ ಬಂದು ನೆಲೆಸಿದ್ದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಒಳ್ಳೆಯ ಕಂಠದವರು. ಅವರಿಗೆ ‘ವಿರಹ’ ಎಂಬ ಚೀಟಿ ಬಂತು. ಅವರು ಮೊದಲು ಪೂರ್ತಿ ಹಾಡಿ ಮುಗಿಸಿ, ಮೈಕು ಕೆಳಗಿಟ್ಟು, ಕನ್ನಡಕ ತೆಗೆದು ಜೇಬಿಗೆ ಹಾಕಿ, ಆಮೇಲೆ ಸದ್ದಿಲ್ಲದೆ ಎರಡು ನಿಮಿಷ ವಿರಹಪಟ್ಟರು.

ನನ್ನ ಹೆಂಡತಿಗೆ ಬಂದ ಚೀಟಿ: ‘ತಡವಾಗಿ ಮನೆಗೆ ಬಂದ ಗಂಡ.’

“ಇದಕ್ಕೆ ಗಂಡ ಬೇಕಲ್ಲ,” ಎಂದಳು.

“ಇದ್ದೇನಲ್ಲ,” ಎಂದೆ.

“ಇದ್ರಿ, ಅದೇ ತಲೆಬಿಸಿ. ಸುಮ್ನೆ ಕೂತ್ಕಳೂಕೆ ಆಗ್ತದಾ ನಿಮಗೆ?”

ಆ ಪ್ರಶ್ನೆಗೆ ಕಾರಣವಿತ್ತು. ನಾನು ತಾಳಮದ್ದಳೆಯ ಚಟದವನು. ತಾಳಮದ್ದಳೆಯೆಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅದಕ್ಕೆ ನಾವು ಕೂತಲ್ಲೇ ಮಾತಿನಲ್ಲಿ ಅರ್ಥ ಹೇಳುತ್ತೇವೆ, ಎದುರಿನವನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡುತ್ತೇವೆ. ಉತ್ತರ ಕೊಡದೆ ಬಿಟ್ಟರೆ ಮರುದಿನ ಪೇಟೆಯಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ನಾನು ಹೇಳುತ್ತಿದ್ದದ್ದು ಹೆಚ್ಚಾಗಿ ದೂತನ, ಮಂತ್ರಿಯ ಅರ್ಥ. ಆದರೆ ದೂತನಾಗಿದ್ದಾಗಲೂ ಸುದ್ದಿ ತಲುಪಿಸಿ ಎದ್ದು ಹೋದವನಲ್ಲ. ರಾಜನಿಗೆ ನಾಲ್ಕು ಮಾತು ಬುದ್ಧಿ ಹೇಳಿಯೇ ಏಳುತ್ತಿದ್ದೆ.

ಅವಳು ಆರಿಸಿಕೊಂಡದ್ದು ಅಮ್ಮ ಕಲಿಸಿದ ನೆಟ್ಟಿ ಹಾಡು. ಉಪ್ಪು ತರಲು ಹೋದ ಗಂಡ ಮೂರು ದಿನ ಬಿಟ್ಟು ಮನೆಗೆ ಬರುತ್ತಾನೆ. ಹೆಂಡತಿ ಒಂದೊಂದು ಸೊಲ್ಲಿಗೆ ಒಂದೊಂದು ಪ್ರಶ್ನೆ ಕೇಳುತ್ತಾಳೆ. ಹಾಡಿನ ತುಂಬ ಪ್ರಶ್ನೆ, ಗಂಡನಿಗೆ ಒಂದು ಸಾಲೂ ಇಲ್ಲ. ಈ ಹಾಡು ಕಟ್ಟಿದ ಹೆಂಗಸರಿಗೆ ಗಂಡಸರ ಉತ್ತರದ ಬೆಲೆ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ.

ವಾರವಿಡೀ ತಾಲೀಮು ನಡೆಯಿತು. ನಾನು ಶಾಲೆಯಿಂದ ಬಂದು ಕೊಡೆ ಮೂಲೆಗಿಟ್ಟು ಕುರ್ಚಿಯಲ್ಲಿ ಕೂರುವುದು, ಅವಳು ಸೊಂಟಕ್ಕೆ ಕೈಯಿಟ್ಟು ಹಾಡುವುದು. ಮೊದಲ ಸೊಲ್ಲು ಮುಗಿಯುವಷ್ಟರಲ್ಲಿ ನಾನು, “ದೇವಿ, ಕೇಳುವಂಥವಳಾಗು” ಎಂದಾಗಿರುತ್ತಿತ್ತು.

“ಅಯ್ಯೋ ದೇವ್ರೇ! ಯಾರು ಕೇಳಿದ್ರು ನಿಮ್ಮನ್ನ?”

“ನೀನೇ ಕೇಳಿದೆಯಲ್ಲ. ಮೂರು ದಿನ ಎಲ್ಲಿದ್ದೆ ಅಂತ.”

“ಅದು ಹಾಡು, ಮಾರಾಯ್ರೆ!”

ಕೊನೆಗೆ ಉಪಾಯ ಅವಳೇ ಕಂಡುಹಿಡಿದಳು. ನನ್ನ ಬಾಯಿಗೆ ಒಂದು ದೊಡ್ಡ ಕವಳ ತುರುಕಿದಳು. ಬಾಯಿ ತುಂಬ ಎಲೆ ಅಡಿಕೆ ಇದ್ದರೆ ಎಂಥ ಅರ್ಥಧಾರಿಯೂ ಬರೀ ಹುಬ್ಬು ಹಾರಿಸಬೇಕಷ್ಟೆ. ಶುಕ್ರವಾರದ ಹೊತ್ತಿಗೆ ನಾನು ತಡವಾಗಿ ಬಂದ ಗಂಡನ ಮೂಕಾಭಿನಯದಲ್ಲಿ ಸಾಕಷ್ಟು ಪಳಗಿದ್ದೆ. “ಆತು,” ಎಂದಳು. “ಹೀಂಗೇ ಇದ್ರೆ ಕುಮಟೆಗೆ ಹೋಗುದೇ.”

ಶನಿವಾರ ಮಧ್ಯಾಹ್ನ ಸೊಸೈಟಿಯ ಮಾಳಿಗೆಯ ಹಾಲಿನಲ್ಲಿ ಸ್ಪರ್ಧೆ. ನೀಲಿ ಪರದೆ, ಎರಡು ದೊಡ್ಡ ದೀಪ, ಒಂದು ಕ್ಯಾಮರಾ. ನಿರ್ಣಾಯಕರ ಕುರ್ಚಿಯಲ್ಲಿ ಬಿಳಿ ಜುಬ್ಬದ ನಿವೃತ್ತ ನಾಟಕದ ಮಾಸ್ತರರೊಬ್ಬರು. ನಾನು ಕವಳ ಹಾಕಿಕೊಂಡು ವೇದಿಕೆಯ ಕುರ್ಚಿಯಲ್ಲಿ ಕೂತೆ. ಕೇಬಲ್ಲಿನವನು ಕ್ಯಾಮರಾದಲ್ಲಿ ಕಣ್ಣಿಟ್ಟು ನೋಡಿ ಕೂಗಿದ: “ಮಾಸ್ತರ್ರೆ, ಬಾಯಿ ಎಲ್ಲ ಕೆಂಪು! ಟೀವಿಲಿ ರಕ್ತ ಕಾರ್ದಂಗೆ ಕಾಣ್ತದೆ. ಉಗ್ದು ಬನ್ನಿ.”

ಹೆಂಡತಿ, “ಬೇಡ, ಅದು ಇರ್ಲಿ,” ಎಂದಳು. ಅವನು, “ಆಗೂದಿಲ್ಲ ಅಕ್ಕ, ಇದು ಟೀವಿ,” ಎಂದ. ಆಗ ಟೀವಿ ಎಂಬ ಶಬ್ದಕ್ಕೆ ಎದುರು ವಾದವಿರಲಿಲ್ಲ. ನಾನು ಕಿಟಕಿಯ ಹತ್ತಿರ ಹೋಗಿ ಉಗಿದು, ಬಾಯಿ ತೊಳೆದು ಬಂದೆ. ಅವಳು ನನ್ನನ್ನು ನೋಡಿದ ನೋಟ ಇಂದಿಗೂ ನೆನಪಿದೆ.

ಅವಳು ಹಾಡು ಎತ್ತಿದಳು. ಉಪ್ಪು ತರೂಕೆ ಹೋದ ರಾಯ, ಮೂರು ದಿನ ಎಲ್ಲಿದ್ದೆ?

ಸೊಲ್ಲು ಮುಗಿದು ತಾಳ ಒಂದು ಸುತ್ತು ಖಾಲಿ ಹೋಯಿತು. ಸಭೆ ಪೂರ್ತಿ ನನ್ನನ್ನೇ ನೋಡುತ್ತಿತ್ತು. ಎದುರಿಗೆ ಕೂತವರಲ್ಲಿ ಅರ್ಧ ಜನ ನನ್ನ ತಾಳಮದ್ದಳೆ ಕೇಳಿದವರು. ಪದವಾಗಿದೆ, ಪ್ರಶ್ನೆಯಿದೆ, ಬಾಯಿ ಖಾಲಿಯಿದೆ. ನನ್ನ ತಪ್ಪು ಎಷ್ಟೆಂದು ಓದುಗರೇ ತೀರ್ಮಾನಿಸಲಿ.

“ದೇವಿ,” ಎಂದೆ, “ಅಘನಾಶಿನಿಯ ಕಡವಿನಲ್ಲಿ ದೋಣಿಯವನು ಮಗಳ ಮದುವೆಗೆ ಹೋಗಿದ್ದ. ನದಿಯನ್ನು ಈಜುವ ತಾಕತ್ತು ನನಗಿದೆ. ಉಪ್ಪಿಗೆ ಇದೆಯೇ?”

ಸಭೆ ಬಿದ್ದು ಬಿದ್ದು ನಕ್ಕಿತು. ನಾಟಕದ ಮಾಸ್ತರರು ಏನೋ ಬರೆದುಕೊಂಡರು. ಹೆಂಡತಿ ತಾಳ ತಪ್ಪಲಿಲ್ಲ. ಎರಡನೆಯ ಸೊಲ್ಲು ಹಿಡಿದಳು: ದೋಣಿ ಇಲ್ದ ಕಡವಿನಾಗೆ ಊಟ ಹಾಕ್ದವ್ರು ಯಾರು? ಹಾಡಿನಲ್ಲಿ ದೋಣಿಯ ಮಾತೇ ಇರಲಿಲ್ಲ. ನನ್ನ ಉತ್ತರಕ್ಕೆ ಅವಳು ಅಲ್ಲೇ ಕಟ್ಟಿದ್ದು. ಗದ್ದೆಯ ಹಾಡಿನ ಪದ್ಧತಿಯೇ ಅದು. ನೆಡುವ ಸಾಲು ಮುಂದುವರಿದಂತೆ ಸೊಲ್ಲು ಹುಟ್ಟುತ್ತ ಹೋಗಬೇಕು. ಅವಳಿಗೆ ಇದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಆದರೂ ನಾನು ಸೋಲುವವನೇ? ಊಟ ಹಾಕಿದ್ದು ದೋಣಿಯವನ ಮದುವೆ ಮನೆಯವರೇ, ಕರೆದ ಮೇಲೆ ಹೋಗದಿರುವುದು ಧರ್ಮವೇ, ಎಂದು ಒಂದು ನಿಮಿಷ ಧರ್ಮದ ಮೇಲೆ ಮಾತಾಡಿದೆ. ಮತ್ತೆ ನಗು. ಮಾಸ್ತರರು ಮತ್ತೆ ಬರೆದುಕೊಂಡರು.

ಆಗ ಅವಳು ಸೊಂಟದ ಮೇಲಿನ ಕೈ ತೆಗೆದಳು. ಅಭಿನಯ ಬಿಟ್ಟು ನೇರ ನಿಂತಳು. ಮೂರನೆಯ ಸೊಲ್ಲು ಮೊದಲಿನವಕ್ಕಿಂತ ಮೆಲ್ಲಗೆ ಬಂತು.

ಹನ್ನೊಂದು ವರ್ಷ ಹಾಡ್ದೆ ರಾಯ, ಯಾವ್ದು ಪೂರ್ತಿ ಕೇಳ್ದೆ?

ನಮ್ಮ ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು.

ಅವಳು ಅಡುಗೆಮನೆಯಲ್ಲಿ ಹಾಡುವಾಗ ನಾನು ಮಾಡುತ್ತಿದ್ದದ್ದು ನೆನಪಾಯಿತು. ಕೊಡೆ ಎಲ್ಲಿ ಎಂದು ಕೇಳುತ್ತಿದ್ದೆ. ಇಂಥ ರಾಗಕ್ಕೆ ಇಂಥ ತಾಳ ಸೇರುವುದಿಲ್ಲ ಎಂದು ತಿಳಿಸುತ್ತಿದ್ದೆ. ಸಾರಿಗೆ ಉಪ್ಪು ಬಿದ್ದಿದೆಯೇ ಎಂದು ವಿಚಾರಿಸುತ್ತಿದ್ದೆ. ನಾನು ಒಳ್ಳೆಯ ಕೇಳುಗನೆಂದೇ ತಿಳಿದಿದ್ದೆ. ಮಧ್ಯದಲ್ಲಿ ಮಾತಾಡುವುದು ನನ್ನ ಪ್ರಕಾರ ರಸಿಕತೆಯ ಲಕ್ಷಣ. ಉತ್ತರಕ್ಕಾಗಿ ಬಾಯಿ ತೆರೆದೆ. ಏನೂ ಬರಲಿಲ್ಲ. ಸಭೆ ಕಾಯಿತು. ಮುಂದಿನ ಸಾಲಿನಲ್ಲಿದ್ದ ನಮ್ಮ ತಂಡದ ಭಾಗವತರು ಸಹಾಯಕ್ಕೆಂದು ಕೆಮ್ಮಿದರು. ಸಮಯ ಮುಗಿದ ಗಂಟೆ ಬಾರಿಸುವವರೆಗೂ ನಾನು ತೆರೆದ ಬಾಯಿಯಲ್ಲೇ ಇದ್ದೆ.

ನಾಟಕದ ಮಾಸ್ತರರು ಎದ್ದು ನಿಂತು ತೀರ್ಪು ಹೇಳಿದರು. “ಆ ಕೊನೆಯ ಮೌನ ಇದೆಯಲ್ಲ, ಅಂಥ ಅಭಿನಯ ನಾನು ರಂಗದ ಮೇಲೆ ಕಂಡಿಲ್ಲ. ಆದರೆ ಅದಕ್ಕೆ ಮೊದಲು ಮಾತಾಡಿದ್ದಾರೆ. ನಿಯಮ ನಿಯಮವೇ.” ನನ್ನ ಎರಡು ಉತ್ತರಗಳಿಗೆ ಅವಳ ಅಂಕ ಕಡಿತ ಮಾಡಿದರು. ಅವಳು ಐದನೆಯವಳಾದಳು. ತೆಂಗಿನಕಾಯಿ ವ್ಯಾಪಾರಿ ನಾಲ್ಕನೆಯವರಾಗಿ ಕುಮಟೆಗೆ ಹೋದರು.

ಮನೆಗೆ ನಡೆದು ಬರುವಾಗ ಅವಳು ಮೀನು ಪೇಟೆಯ ತಿರುವಿನಲ್ಲಿ ಹೇಳಿದಳು: “ಬಾಯಿ ಮುಚ್ಚಿ ಅಂದಾಗ ತೆರದ್ರಿ. ತೆರೀಬೇಕಾದಾಗ ಉತ್ರ ಇಲ್ಲ.” ಸ್ವಲ್ಪ ನಡೆದ ಮೇಲೆ, “ಅಮ್ಮ ಟೀವಿ ತಕಂಡದ್ದು ಇದೊಂದಕ್ಕೇ,” ಎಂದಳು. ಇದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಒಂದೇ ದಿನ ಎರಡು ಸಲ ಹೀಗಾದದ್ದು ನನಗೂ ಹೊಸದು.

ಸೋಮವಾರ ಶಾಲೆ ಬಿಟ್ಟವನೇ ಕೇಬಲ್ಲಿನವನ ಅಂಗಡಿಗೆ ಹೋದೆ. ಸ್ಪರ್ಧೆಯ ಕ್ಯಾಸೆಟ್ಟಿನ ಮೇಲೆ ಗುರುವಾರ ಒಂದು ಮುಂಜಿ ತುಂಬಿಸುವುದಿದೆ ಎಂದ. ನಾನು ಅಲ್ಲೇ ಕೂತು ಅದರ ಪ್ರತಿ ತೆಗೆಸಿಕೊಂಡೆ. ಮಂಗಳವಾರ ರಜೆ ಹಾಕಿ, ಕ್ಯಾಸೆಟ್ಟನ್ನು ಬಟ್ಟೆ ಚೀಲದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಕುಮಟೆಯ ಬಸ್ಸು ಹತ್ತಿದೆ. ಜೊತೆಗೊಂದು ಅರ್ಜಿಯೂ ಇತ್ತು, ‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗುವಂಥದ್ದು. ಗುಮಾಸ್ತನಿಗೆ ಪಶ್ಚಾತ್ತಾಪ ಪಡಲು ಬೇರೆ ದಾರಿ ಗೊತ್ತಿಲ್ಲ.

ಕುಮಟೆಯ ಕೇಬಲ್ಲಿನವನು ಅರ್ಜಿಯನ್ನು ಎರಡು ಸಲ ಓದಿದ. “ಹೊನ್ನಾವರದಲ್ಲಿ ಸೋತವ್ರನ್ನ ನಮ್ಮ ಚಾನೆಲ್‌ಲಿ ಎಂತಕ್ಕೆ ಹಾಕೂದು?”

“ನನ್ನ ಅತ್ತೆ ಬಾಡದಲ್ಲಿ ನಿಮ್ಮ ಕನೆಕ್ಷನ್ ತೆಗೆದುಕೊಂಡಿದ್ದಾಳೆ,” ಎಂದೆ. “ಮಗಳನ್ನು ನೋಡಲೆಂದೇ ತೆಗೆದುಕೊಂಡದ್ದು.”

“ಸೋತದ್ದು ಎಂತಕ್ಕೆ?”

“ನಾನು ಮಾತಾಡಿದೆ.”

ಅವನು ಕ್ಯಾಸೆಟ್ಟು ಹಾಕಿ ನೋಡಿದ. ಉಪ್ಪು ಈಜುತ್ತದೆಯೇ ಎಂಬಲ್ಲಿ ನಕ್ಕ. ಮೂರನೆಯ ಸೊಲ್ಲಿಗೆ ನಗು ನಿಲ್ಲಿಸಿ ನನ್ನ ಮುಖ ನೋಡಿದ. “ರವಿವಾರ ಹನ್ನೊಂದಕ್ಕೆ,” ಎಂದ. “ಅರ್ಜಿ ನೀವೇ ಇಟ್ಕಳಿ.”

ರವಿವಾರ ಹೆಂಡತಿಯನ್ನು ಸುಮ್ಮನೆ ತವರಿಗೆಂದು ಕರೆದುಕೊಂಡು ಹೋದೆ. ಅತ್ತೆ ಜಗಲಿಯ ಒಳಗೆ ಕಾಲು ಚಾಚಿ ಕೂತು, ಹೊಸ ಈರುಳ್ಳಿಯನ್ನು ಜಡೆ ಹೆಣೆದು ಗೊಂಚಲು ಮಾಡುತ್ತಿದ್ದಳು. ಎದುರಿಗೆ ಟೀವಿ, ಅದಕ್ಕೊಂದು ಕಸೂತಿಯ ಬಟ್ಟೆ. ಹನ್ನೊಂದಕ್ಕೆ ನೀಲಿ ಪರದೆ ಬಂತು. ಹೆಂಡತಿ ನನ್ನತ್ತ ತಿರುಗಿ, “ಎಂತ ಇದು?” ಎಂದಳು. ನಾನು ವಿವರಿಸಲು ಶುರುಮಾಡಿದೆ.

“ಅಳಿಯಂದ್ರೆ, ಸುಮ್ಗಿರಿ,” ಎಂದಳು ಅತ್ತೆ. “ಮಗಳು ಹಾಡ್ತಾ ಇದ್ದಾಳೆ.” ಹಾಗೆಂದು ಕವಳದ ಹರಿವಾಣವನ್ನು ನನ್ನತ್ತ ದೂಡಿದಳು.

ನಾನು ದೊಡ್ಡದೊಂದು ಕವಳ ಹಾಕಿಕೊಂಡೆ. ಟೀವಿಯಲ್ಲಿ ನಾನು ಧರ್ಮದ ಬಗ್ಗೆ ಮಾತಾಡುವಾಗ ಅತ್ತೆ, “ಇವ್ರದ್ದು ಮುಗೀತದಾ ಇಲ್ವಾ?” ಎಂದು ಕೇಳಿದಳು. ಮೂರನೆಯ ಸೊಲ್ಲಿಗೆ ಅವಳ ಕೈ ಈರುಳ್ಳಿಯ ಜಡೆಯಲ್ಲೇ ನಿಂತಿತು.

“ಇದು ನಾ ಹೇಳಿಕೊಟ್ಟದ್ದಲ್ಲ.”

“ಅಲ್ಲ ಅಮ್ಮ. ನಾ ಕಟ್ಟಿದ್ದು.”

ಅತ್ತೆ ಮೂಗು ಒರೆಸಿಕೊಂಡು, ಈರುಳ್ಳಿಯನ್ನು ಬೈದು, “ಚಲೋ ಕಟ್ಟಿದೆ. ಮತ್ತೊಂದ್ಸಲ ಹೇಳು, ನಾ ಹಿಂದೆ ಹೇಳ್ತೆ,” ಎಂದಳು.

ಮಗಳು ಎತ್ತಿದಳು, ತಾಯಿ ಹಿಂದೆ ಹೇಳಿದಳು. ಆಮೇಲೆ ತಾಯಿಯೇ ಒಂದು ಸೊಲ್ಲು ಕಟ್ಟಿದಳು, ಮಗಳು ಹಿಂದೆ ಹೇಳಿದಳು. ಬಾಯಿತುಂಬ ಕವಳ ಇಟ್ಟುಕೊಂಡು ನಾನು ಕೇಳಿದೆ. ಹತ್ತು ಸೊಲ್ಲಾಯಿತು, ಹದಿನೈದಾಯಿತು. ಇದು ಯಾವಾಗ ಮುಗಿಯುತ್ತದೆಂದು ಕಾಯುತ್ತ ಕಾಯುತ್ತ ನನಗೊಂದು ಸಂಗತಿ ಹೊಳೆಯಿತು: ಈ ಹಾಡಿಗೆ ಕೊನೆಯೇ ಇಲ್ಲ. ಗದ್ದೆಯಿರುವಷ್ಟು ಉದ್ದ ಅದನ್ನು ಎಳೆಯುತ್ತಾರೆ. ಕೊನೆಯೇ ಇಲ್ಲದ ಹಾಡನ್ನು ಪೂರ್ತಿ ಕೇಳಿಲ್ಲವೆಂದು ಯಾವ ಗಂಡನ ಮೇಲೂ ಆರೋಪ ಹೊರಿಸುವಂತಿಲ್ಲ.

ಸೊಸೈಟಿಯ ಹಾಲಿನಲ್ಲಿ ನನಗೆ ಬೇಕಾಗಿದ್ದ ಉತ್ತರ ಇದೇ. ಎದುರಿನವನ ಬಾಯಿ ಮುಚ್ಚಿಸುವಂಥ, ಹತ್ತು ವರ್ಷ ಪೇಟೆಯಲ್ಲಿ ಮಾತಾಡಿಕೊಳ್ಳುವಂಥ ಉತ್ತರ. ನಾಲಿಗೆಯ ತುದಿಯವರೆಗೆ ಬಂತು. ಕವಳವನ್ನು ಈ ದವಡೆಯಿಂದ ಆ ದವಡೆಗೆ ಸರಿಸಿ, ಹದಿನಾರನೆಯ ಸೊಲ್ಲು ಕೇಳುತ್ತ ಕೂತೆ.