ಗೋಡೆಗೆ ಹಾಕುವ ಲೈಸೆನ್ಸು

ನಿವೃತ್ತಿಯ ಸುಖವೇ ಸುಖ. ಕಚೇರಿಯ ಸಾಲಿನಲ್ಲೂ ನಿಶ್ಚಿಂತೆಯಿಂದ ಹರಟೆ ಹೊಡೆಯಬಹುದು. ಆಳಂದದ ಪುರಸಭೆಯಲ್ಲಿ ನನ್ನ ಮುಂದಿದ್ದ ಹೆಣ್ಣುಮಗಳು ತನ್ನ ಬ್ಯೂಟಿ ಪಾರ್ಲರಿನ ಲೈಸೆನ್ಸು ನವೀಕರಿಸಲು ಬಂದಿದ್ದಳು.

"ಲಗ್ನದ ಸೀಜನ್, ಜೋರ್ ನಡದಿರಬೇಕಲ್ಲ, ತಂಗಿ?" ಎಂದೆ.

"ಯಜಮಾನ್ರು ಹೋದಮ್ಯಾಲ ಯಾರೂ ಕರಿಯೂದಿಲ್ರಿ, ಕಾಕಾ. ಗಂಡ ಸತ್ತಾಕಿ ಕೈ ಮದುಮಗಳಿಗೆ ಹತ್ತಬಾರದಂತ."

"ಮತ್ತ ಫೀ ಯಾಕ ಕಟ್ತೀಬೇ?"

"ಬೋರ್ಡ್ ಇಳಿಸಿದ್ರ, ಅವರು ಅನ್ನೂದು ಖರೇ ಅಂತ ನಾನೂ ಒಪ್ಪಿದಂಗ ಆಗ್ತದಲ್ರಿ."

ಅಷ್ಟರಲ್ಲಿ ಅವಳ ಸರದಿ ಬಂತು.

ಗುಮಾಸ್ತ ಲೈಸೆನ್ಸಿಗೆ ಠಸ್ಸೆ ಒತ್ತಿ ಕೊಟ್ಟ. "ಗಿರಾಕಿಗಳಿಗೆ ಕಾಣೂವಂಗ ಗೋಡೆಗೆ ಹಾಕ್ರಿ. ರೂಲ್ ಅದ."

"ಹಾಕ್ತೇನ್ರಿ," ಎಂದವಳು ಅದನ್ನು ಮಡಚದೆ ಎದೆಗವಚಿಕೊಂಡು ಹೋದಳು.

ಪುರಸಭೆಯ ರೂಲು ಗೋಡೆಯವರೆಗೆ ಮಾತ್ರ ನೋಡಿ. ಗಿರಾಕಿಗಳನ್ನು ಬಾಗಿಲೊಳಗೆ ಕರೆತರುವ ರೂಲು ಇನ್ನೂ ಬಂದಿಲ್ಲ.