ಅಂಗಳ ಕೊಟ್ಟು ಮಾಡಿಸಿದ ಫುಟ್‌ಪಾತ್

ನಮ್ಮ ಬೀದಿಯಲ್ಲಿ ಕೌಸಲ್ಯಳ ಬೈಗುಳ ತಿನ್ನದ ಕಾರು ಒಂದೂ ಇಲ್ಲ. ಪ್ರೊಫೆಸರರ ಕಾರಿಗೂ ಬೈದಿದ್ದಾಳೆ, ಪೊಲೀಸ್ ಜೀಪಿಗೂ ಬೈದಿದ್ದಾಳೆ, ಹೂವಿನ ಸರ ಕಟ್ಟಿಕೊಂಡು ಮದುವೆಗೆ ಹೊರಟ ಕಾರಿಗೆ, ಒಳಗೆ ವರ ಕೂತಿದ್ದಾಗಲೇ ಬೈದಿದ್ದಾಳೆ. ಜನ ಅವಳನ್ನು ಬಾಯಿಬಡುಕಿ ಎನ್ನುತ್ತಾರೆ. ಅನ್ನಲಿ. ಪುಲ್ಪಳ್ಳಿ ಪೇಟೆ ದಾಟಿ ವಿಶ್ವವಿದ್ಯಾಲಯದ ಗೇಟಿಗೆ ಹೋಗುವ ಈ ರಸ್ತೆಯಲ್ಲಿ ಮನುಷ್ಯರೂ ನಡೆಯುತ್ತಾರೆ ಎಂದು ನೆನಪಿಟ್ಟುಕೊಂಡವಳು ಅವಳೊಬ್ಬಳೇ. ನನ್ನ ಜೆರಾಕ್ಸ್ ಅಂಗಡಿ ಅವಳ ಮನೆಯ ಎದುರಿಗೇ ಇದೆ, ಹಾಗಾಗಿ ನಾನು ಕೇಳಿದ್ದನ್ನಲ್ಲ, ಕಂಡದ್ದನ್ನೇ ಹೇಳುತ್ತಿದ್ದೇನೆ.

ಕೌಸಲ್ಯಳದು ಅಜ್ಜನ ಕಾಲಕ್ಕೂ ಮೊದಲೇ ಕಬಿನಿ ದಾಟಿ ಈ ಕಡೆ ಬಂದ ಗೌಡರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲಯಾಳ. ಗಂಡ ವರ್ಷದ ಬಹುಪಾಲು ಗುಂಡ್ಲುಪೇಟೆ ಕಡೆ ಶುಂಠಿ ಬೆಳೆಯಲು ಹೋಗಿರುತ್ತಾನೆ. ಅಪ್ಪ ಬಿಟ್ಟುಹೋದ ಈ ಮನೆಯಲ್ಲಿ ಇರುವವರು ಅವಳು ಮತ್ತು ಅವಳ ತಂಗಿ ಅಂಬಿಳಿ. ಅಂಬಿಳಿಗೆ ಚಿಕ್ಕಂದಿನಲ್ಲೇ ಜ್ವರ ಬಂದು ಕಣ್ಣು ಹೋಯಿತು. ಓದು ಬಿಡಲಿಲ್ಲ. ಈಗ ಇದೇ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುತ್ತಿದ್ದಾಳೆ.

ಮನೆಯಿಂದ ಗೇಟು ಕೂಗಳತೆ ದೂರ. ಆ ಕೂಗಳತೆಯನ್ನು ಅಂಬಿಳಿ ಒಬ್ಬಳೇ ನಡೆಯುವಂತಿರಲಿಲ್ಲ. ಪ್ರೈವೇಟ್ ಬಸ್ಸಿನವರಿಗೆ ಒಬ್ಬರನ್ನೊಬ್ಬರು ಹಿಂದೆ ಹಾಕುವ ಹುಚ್ಚು. ಟಾರು ಸಾಲದೆ ಅಂಚಿನ ಮಣ್ಣಿಗೂ ಇಳಿಯುತ್ತಿದ್ದರು. ಹಾಗಾಗಿ ಬೆಳಿಗ್ಗೆ ಅಕ್ಕ ಕೈಹಿಡಿದು ಬಿಟ್ಟುಬರಬೇಕು, ಸಂಜೆ ಹೋಗಿ ಕೈಹಿಡಿದು ಕರೆತರಬೇಕು. ಜೊತೆಯ ಹುಡುಗಿಯರು ಕ್ಯಾಂಟೀನಿನಲ್ಲಿ ಇನ್ನೊಂದು ಚಹಾ ಹೇಳಿ ಹರಟುತ್ತಾ ಕೂತರೆ ಇವಳು ಏಳಲೇಬೇಕು, ಅಕ್ಕ ಗೇಟಿನಲ್ಲಿ ಕಾಯುತ್ತಿರುತ್ತಾಳೆ. ಅಂಬಿಳಿಗೆ ಅದು ಸಾಕಾಗಿ ಹೋಗಿತ್ತು. ಒಬ್ಬಳೇ ಹೋಗಿ ಒಬ್ಬಳೇ ಬರಬೇಕು, ಅವಳ ಆಸೆ ಅಷ್ಟೇ.

ಅಷ್ಟರಲ್ಲಿ ಈ ಬೀದಿಯನ್ನು ನಡೆಯುವವರಿಗೆ ತಕ್ಕಂತೆ ಮಾಡುತ್ತೇವೆ ಎಂದು ಪಂಚಾಯತಿನವರೂ ವಿಶ್ವವಿದ್ಯಾಲಯದವರೂ ಸೇರಿ ಸಭೆ ಕರೆದರು. ಪರದೆಯ ಮೇಲೆ ಚಿತ್ರ ತೋರಿಸಿದರು. ಅಗಲವಾದ ಫುಟ್‌ಪಾತ್, ದೀಪದ ಕಂಬ, ಕೂರಲು ಬೆಂಚು, ಕಣ್ಣಿಲ್ಲದವರು ಕೋಲಿನಿಂದ ಮುಟ್ಟಿ ದಾರಿ ಹಿಡಿಯಲೆಂದು ಉಬ್ಬುಗೆರೆಯ ಹಳದಿ ಟೈಲ್ಸಿನ ಸಾಲು. ಎಲ್ಲರೂ ಚಪ್ಪಾಳೆ ತಟ್ಟಿದರು. ವಾರ್ಡಿನ ಮೆಂಬರ್ ಷಿಬು ಎದ್ದು, ಇದಕ್ಕೆ ಮನೆ ಮುಂದಿನ ಜಾಗ ಸ್ವಲ್ಪ ಸ್ವಲ್ಪ ಬಿಟ್ಟುಕೊಡಬೇಕು ಎಂದ ಕೂಡಲೇ ಚಪ್ಪಾಳೆ ತಟ್ಟಿದ ಕೈಗಳೆಲ್ಲ ಮಡಿಲಿಗೆ ಇಳಿದವು. ಬೇಕರಿಯವನು ಒಂದು ಗೇಣೂ ಬಿಡಲಿಲ್ಲ. ಷಿಬುವಿನ ಮಾವ ಕಾಂಪೌಂಡ್ ಗೋಡೆಯನ್ನು ಇನ್ನಷ್ಟು ಎತ್ತರ ಮಾಡಿಸಿದ. ಕೌಸಲ್ಯ ಅಂಗಳವನ್ನೇ ಕೊಟ್ಟಳು. ಅವಳಿಗೆ ಬಿಸಿಲು ಬೀಳುವ ಅಂಗಳವೆಂದು ಇದ್ದದ್ದು ಅದೊಂದೇ. ಹಿತ್ತಲಿಗೆಲ್ಲ ಹಲಸಿನ ಮರದ ನೆರಳು. ಅಪ್ಪನ ಕಾಲದಿಂದ ಮೆಣಸು, ಕಾಫಿ ಒಣಗುತ್ತಿದ್ದದ್ದು ಆ ಅಂಗಳದಲ್ಲೇ. ತಂಗಿ ನಡೆಯಬೇಕು ಎಂದು ಕೊಟ್ಟಳು.

ಫುಟ್‌ಪಾತ್ ಆಯಿತು. ರಿಬ್ಬನ್ ಕತ್ತರಿಸಿದವರ ಕಾರುಗಳೇ ಮೊದಲು ಅದರ ಮೇಲೆ ಹತ್ತಿ ನಿಂತವು! ಆಮೇಲೆ ಕೇಳಬೇಕೆ. ಪರಿಸರದ ಮೇಲೆ ಭಾಷಣ ಮಾಡುವ ಪ್ರೊಫೆಸರರಿಗೆ ಎರಡು ಬನ್ನು ಕೊಳ್ಳಲು ಕಾರನ್ನು ಬೇಕರಿಯ ಬಾಗಿಲವರೆಗೂ ತರಬೇಕು. ಹಳದಿ ಸಾಲಿನ ಮೇಲೆ ಹುಡುಗರ ಬೈಕುಗಳು. ನನಗೆ ಮೈ ಉರಿಯುತ್ತಿತ್ತು, ಆದರೆ ಅವರೆಲ್ಲ ನನ್ನ ಗಿರಾಕಿಗಳು, ಉರಿದುಕೊಂಡು ಸುಮ್ಮನಿದ್ದೆ. ಕೌಸಲ್ಯ ಸುಮ್ಮನಿರಲಿಲ್ಲ. ಪೊರಕೆ ಹಿಡಿದು ಬಂದು ಬಾನೆಟ್ಟಿಗೆ ಬಡಿಯುತ್ತಿದ್ದಳು. ಮಲಯಾಳದಲ್ಲಿ ಶುರುವಾದ ಬೈಗುಳ ಸಿಟ್ಟು ಏರಿದ ಹಾಗೆ ಕನ್ನಡಕ್ಕೆ ತಿರುಗುತ್ತಿತ್ತು.

"ಯಾರಪ್ಪನ ಅಂಗಳ ಅಂದ್ಕಂಡೆ ಇದ? ನಮ್ಮಪ್ಪಂದು. ಜನ ನಡೆಯಾಕೆ ಕೊಟ್ಟಿರಾದು, ನಿನ್ನ ವಂಡಿ ಇಡಾಕಲ್ಲ."

ಅರ್ಥವಾಗದವರೂ ಗಾಡಿ ತೆಗೆದರು. ಷಿಬು ಬಂದು, ಚೇಚಿ, ಅಕ್ಕಾ, ಸ್ವಲ್ಪ ಹೊಂದಿಕೊಂಡು ಹೋಗಬೇಕು ಎಂದು ನಯವಾಗಿ ಹೇಳಿದ. ಅವನ ಬೈಕೂ ಟೈಲ್ಸಿನ ಮೇಲೇ ನಿಂತಿತ್ತು. ಪೊರಕೆ ಅದಕ್ಕೂ ಬಿತ್ತು. ಆ ಮಳೆಗಾಲ ಕಳೆಯುವಷ್ಟರಲ್ಲಿ ಕಾರುಗಳು ಅಲ್ಲಿಂದ ಜಾಗ ಖಾಲಿ ಮಾಡಿದವು. ಪಂಚಾಯತಿನ ಬೋರ್ಡಿಗೆ ಹೆದರದವರು ಅವಳ ಪೊರಕೆಗೆ ಹೆದರಿದರು.

ಅಂಬಿಳಿ ಮೊದಲ ಸಲ ಒಬ್ಬಳೇ ಹೊರಟ ದಿನ ನಾನು ಅಂಗಡಿ ಬಿಟ್ಟು ಹೊರಗೆ ಬಂದು ನಿಂತೆ. ಕೌಸಲ್ಯ ಸೆರಗಿನ ತುದಿ ಕಚ್ಚಿಕೊಂಡು ಬಾಗಿಲಲ್ಲೇ ಉಳಿದಳು, ಹಿಂದೆ ಹೋಗಲಿಲ್ಲ. ಕೋಲು ಉಬ್ಬುಗೆರೆಯ ಮೇಲೆ ಟಕಟಕ ಎನ್ನುತ್ತಾ ಗೇಟು ಮುಟ್ಟಿತು. ಸಂಜೆ ಅಂಬಿಳಿ ತಡವಾಗಿ ಬಂದಳು. ಇನ್ನೊಂದು ಚಹಾ ಕುಡಿದೆ ಎಂದು ನನಗೇ ಹೇಳಿ ನಕ್ಕಳು.

ಮೆಣಸಿನ ಕಾಲ ಬಂತು. ಕೊಯ್ದು, ತುಳಿದು, ಬಿಡಿಸಿದ್ದೂ ಆಯಿತು, ಒಣಗಿಸಲು ಬಿಸಿಲಿಲ್ಲ. ಹಲಸಿನ ನೆರಳಲ್ಲಿ ಹರಡಿದರೆ ಬೂಷ್ಟು ಹಿಡಿಯುತ್ತದೆ. ಮನೆ ಮುಂದೆ, ಅವಳೇ ದಿನವೂ ಗುಡಿಸಿ ಇಟ್ಟ ಟೈಲ್ಸು ಬಿಸಿಲಿಗೆ ಕಾದು ಬಿದ್ದಿತ್ತು. ಅಂಬಿಳಿ ಬರುವುದು ಸಂಜೆಗೆ, ಅಷ್ಟರೊಳಗೆ ಬಾಚಿಕೊಂಡರಾಯಿತು ಎಂದುಕೊಂಡಳು. ಮೆಣಸು ಅಪ್ಪನ ಕಾಲದಲ್ಲಿ ಬೀಳುತ್ತಿದ್ದ ಜಾಗಕ್ಕೇ ಬಿತ್ತು. ನಾನೂ ನೋಡಿದೆ. ಕಾರನ್ನು ಕಂಡರೆ ಉರಿಯುತ್ತಿದ್ದ ನನಗೆ ಮೆಣಸನ್ನು ಕಂಡು ಏನೂ ಅನಿಸಲಿಲ್ಲ.

ಅವತ್ತು ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳ ಮುಷ್ಕರ. ಮಧ್ಯಾಹ್ನಕ್ಕೇ ಕ್ಲಾಸು ಬಿಟ್ಟರು. ಅಂಬಿಳಿ ಬಂದಳು. ಮನೆ ಹತ್ತಿರವಾದಾಗ ಕೋಲಿಗೆ ಹಳದಿ ಸಾಲು ತಪ್ಪಿತು, ಬದಲಿಗೆ ಏನೋ ಗುಂಡುಗುಂಡಾಗಿ ಉರುಳಿತು. ಯಾರೋ ಜಲ್ಲಿ ಸುರಿದಿದ್ದಾರೆ ಎಂದುಕೊಂಡು ಸುತ್ತಿ ಹೋಗಲು ಫುಟ್‌ಪಾತಿನಿಂದ ಕೆಳಗೆ ಕಾಲಿಟ್ಟಳು. ನಾನು ಕೂಗುವಷ್ಟರಲ್ಲಿ ಬಸ್ಸು ಬ್ರೇಕು ಹಾಕಿತು. ಅಂಬಿಳಿ ಬೆದರಿ ಹಿಂದಕ್ಕೆ ಹಾರಿದಳು, ಮೆಣಸಿನ ಮೇಲೆ ಕಾಲು ಜಾರಿ ಬಿದ್ದಳು.

ಕೌಸಲ್ಯ ಒಳಗಿನಿಂದ ಡ್ರೈವರನಿಗೆ ಬೈಯುತ್ತಲೇ ಓಡಿಬಂದಳು. ತಂಗಿಯನ್ನು ಕಂಡು ಡ್ರೈವರನನ್ನು ಅಲ್ಲಿಗೇ ಬಿಟ್ಟಳು. ಅಂಬಿಳಿ ಮೊಣಕಾಲೂರಿ ಕೂತು, ತರಚಿದ ಅಂಗೈಗೆ ಅಂಟಿದ್ದನ್ನು ಮೂಗಿಗೆ ಹಿಡಿದಿದ್ದಳು.

"ಇದು ನಮ್ಮ ಮೊಳಕಾ, ಅಕ್ಕ?"

ಕೌಸಲ್ಯ, ನಮ್ದೇ ಮೆಣಸು ಎಂದಳು. ಇದು ನಮ್ಮ ಅಂಗಳ ಆಗಿತ್ತಲ್ಲ ಎಂದೂ ಸಣ್ಣ ದನಿಯಲ್ಲಿ ಸೇರಿಸಿದಳು.

"ಕೊಟ್ಟ ಮ್ಯಾಲೆ ಅಂಗಳ ಅಲ್ಲ ಅದು. ನನ್ನ ದಾರಿ," ಎಂದಳು ಅಂಬಿಳಿ. "ವಂಡಿಯೋರು ನೀ ಇಲ್ದಾಗ ನೋಡ್ಕಂಡು ಇಡ್ತಿದ್ರು. ನೀ ನಾ ಇಲ್ದಾಗ ನೋಡ್ಕಂಡು ಹಾಕ್ದೆ. ಅವ್ರಿಗೆಲ್ಲ ನೀ ಬೈದೆ. ನಿಂಗೆ ಯಾರು ಬೈಯಾದು?"

ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದಿದ್ದವು. ಬೇಕರಿಯ ಮೆಟ್ಟಿಲ ಮೇಲೆ ನಿಂತ ಷಿಬು ಮೀಸೆಯೊಳಗೇ ನಗುತ್ತಿದ್ದ. ಅವನಿಗೆ ಹೋಗಿ ಎರಡು ಬಿಗಿಯಬೇಕು ಎನಿಸಿತು ನನಗೆ. ಕೌಸಲ್ಯ ಅವರನ್ನೆಲ್ಲ ಒಮ್ಮೆ ನೋಡಿದಳು.

"ನೀನೇ ಬೈಯಿ," ಎಂದಳು. "ಎಲ್ರೂ ಕೇಳ್ಲಿ."

ಅಂಬಿಳಿ ಎದ್ದು ನಿಂತು ಬೈದಳು. ಯಾರಪ್ಪನ ಅಂಗಳ ಅಂದ್ಕಂಡೆ ಇದ ಎಂದೇ ಶುರುಮಾಡಿದಳು. ಅಕ್ಕನ ಮಾತು, ಅಕ್ಕನ ಏರುದನಿ, ಒಂದೂ ಬಿಡಲಿಲ್ಲ. ಕೌಸಲ್ಯ ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿದಳು. ಷಿಬುವಿನ ನಗು ಯಾವಾಗ ನಿಂತಿತೋ, ನಾನು ತಿರುಗಿ ನೋಡಿದಾಗ ಅವನು ಮೆಟ್ಟಿಲ ಮೇಲಿರಲಿಲ್ಲ.

ಬೈಗುಳ ಮುಗಿದ ಮೇಲೆ ಕೌಸಲ್ಯ ಕಣ್ಣೊರೆಸಿಕೊಂಡು ತಂಗಿಯ ಕೈ ಹಿಡಿಯಲು ಬಂದಳು, ಮನೆ ನಾಲ್ಕೇ ಹೆಜ್ಜೆ. ಅಂಬಿಳಿ ಕೈ ಕೊಡಲಿಲ್ಲ. ಕೌಸಲ್ಯ ಪೊರಕೆ ತಂದು, ಬಗ್ಗಿ, ಹಳದಿ ಸಾಲಿನ ಮೇಲಿದ್ದ ಮೆಣಸನ್ನು ಗುಡಿಸತೊಡಗಿದಳು. ಕೋಲಿಗೆ ದಾರಿ ಸಿಗುವವರೆಗೆ ಅಂಬಿಳಿ ಬಿಸಿಲಲ್ಲೇ ನಿಂತಿದ್ದಳು.