ಪ್ರತಿ: ಅರ್ಜಿದಾರರಿಗೆ

ಹುಮನಾಬಾದಿನಲ್ಲಿ ಕಚೇರಿ ಕಾಂಪೌಂಡಿನ ಹೊರಗೆ, ಬೇವಿನ ಮರದ ಕೆಳಗೆ ನನ್ನದೊಂದು ಟೇಬಲ್ ಇದೆ. ಅರ್ಜಿ ಬರೆದುಕೊಡುವುದು ನನ್ನ ಕಸುಬು. ಪಿಂಚಣಿ ನಿಂತವರು, ಪಹಣಿಯಲ್ಲಿ ಹೆಸರು ತಪ್ಪಾದವರು, ಪಕ್ಕದವನು ಬದು ಒತ್ತಿದ ಎನ್ನುವವರು, ಎಲ್ಲರ ಸಿಟ್ಟೂ ನನ್ನ ಪೆನ್ನಿನಿಂದಲೇ ಇಳಿಯಬೇಕು. ಅವರು ಬೈಗುಳದಲ್ಲಿ ಹೇಳಿದ್ದನ್ನು ನಾನು 'ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಎಂದು ಶುರು ಮಾಡುತ್ತೇನೆ. ಕೊನೆಗೆ ಪ್ರತಿಗಳ ಪಟ್ಟಿ ಇದ್ದೇ ಇರುತ್ತದೆ. ಒಬ್ಬ ಸಾಹೇಬರಿಗೆ ಬರೆದರೆ ಅವರ ಮೇಲಿನವರಿಗೊಂದು ಪ್ರತಿ, ಅವರಿಗೂ ಮೇಲಿನವರಿಗೆ ಇನ್ನೊಂದು. ಆ ಪಟ್ಟಿ ನೋಡಿದರೇ ಬರೆಸಿದವರಿಗೆ ಅರ್ಧ ಸಮಾಧಾನ. ಅಷ್ಟು ವರ್ಷಗಳಲ್ಲಿ ಆ ಪ್ರತಿಗಳನ್ನು ಯಾರಾದರೂ ಓದಿದ್ದು ನಾನಂತೂ ಕಂಡಿರಲಿಲ್ಲ.

ಓದಿದ್ದು ಒಂದನ್ನು ಮಾತ್ರ. ಅದನ್ನೇ ಓದಬಾರದಿತ್ತು.

ಹೆಂಡತಿ ಹೆರಿಗೆಗೆಂದು ತವರಿಗೆ, ಮೋರಖಂಡಿಗೆ ಹೋಗಿದ್ದಳು. ಅದು ಎರಡನೆಯ ಬಸಿರು. ಮೊದಲನೆಯದು ಏಳನೇ ತಿಂಗಳಲ್ಲಿ ಹೋಗಿತ್ತು. ಆ ಕೂಸನ್ನು ನಾನು ಒಮ್ಮೆ ನೋಡಿದ್ದೆ, ಅವಳು ನೋಡಿರಲಿಲ್ಲ. ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಆದರೆ ಈ ಸಲ ಏಳನೇ ತಿಂಗಳು ದಾಟುವವರೆಗೆ ನಾನು ಒಂದು ಅರ್ಜಿಯನ್ನೂ ಕಾಟು ಹೊಡೆಯದೆ ಬರೆಯಲಿಲ್ಲ.

ಒಂದು ಬೆಳಿಗ್ಗೆ ಅತ್ತೆಯ ಫೋನ್ ಬಂತು. "ಬ್ಯಾನಿ ಸುರು ಆಗ್ಯಾವ. ಬಸವಕಲ್ಯಾಣಕ್ಕ ಕರಕೊಂಡ ಬಂದೀವಿ. ನೀವೇನ ಗಡಬಡ ಮಾಡಬ್ಯಾಡ್ರಿ."

ಬೇಡ ಅಂದ ಮೇಲೆ ಮಾಡಲೇಬೇಕಲ್ಲ. ಸಿಕ್ಕ ಬಸ್ ಹತ್ತಿದೆ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಅವುಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕೂತು ಇಡೀ ಜಿಲ್ಲೆಯ ಕಬ್ಬಿಗೆ ಶಾಪ ಹಾಕಿದೆ. ಅದು ಮಾವನ ಹೊಲದಲ್ಲೂ ಇದೆ ಎಂಬುದು ಆಗ ನೆನಪಾಗಲಿಲ್ಲ.

ದವಾಖಾನೆ ಸಣ್ಣದು. ಒಳಗೆ ಕಾಲಿಟ್ಟವನು ಕಂಡದ್ದು ಇಷ್ಟು: ತುಂಬಿದ ಹೊಟ್ಟೆಯ ನನ್ನ ಹೆಂಡತಿ ಅಳುತ್ತ ವರಾಂಡದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾಳೆ. ಪಕ್ಕದಲ್ಲಿ ಐವತ್ತು ದಾಟಿದ ಒಬ್ಬ ದಪ್ಪನೆಯ ಸಿಸ್ಟರ್, ಇಬ್ಬರ ಕೈಗಳೂ ಬಿಗಿಯಾಗಿ ಸೇರಿಕೊಂಡಿವೆ. ಸಿಸ್ಟರ್ ನಗುತ್ತಿದ್ದಾರೆ.

"ನಡಿ ನನ್ನವ್ವ, ಇನ್ನೊಂದ ಸುತ್ತ. ಆ ಬಾಗಲ ತನಕ."

"ಆಕಿಗೆ ನೋವಾಗಾಕತ್ತದ. ಮಲಗಸ್ರಿ" ಅಂದೆ.

"ನೋವು ಜೋರಾಗ್ಲಿ ಅಂತನೇ ನಡಸಾಕತ್ತೀನ್ರಿ. ನೀವು ಹೊರಗ ಕೂಡ್ರಿ."

"ನಾ ಆಕಿ ಗಂಡ."

"ಗೊತ್ತಾತ್ರಿ. ಅದಕ್ಕ ಹೊರಗ ಕೂಡ್ರಿ ಅಂದೆ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಊರ ಸಿಟ್ಟನ್ನೆಲ್ಲ ಕಾಗದಕ್ಕಿಳಿಸುವವನು ತನ್ನ ಸಿಟ್ಟನ್ನು ಸುಮ್ಮನೆ ಬಿಡುತ್ತಾನೆಯೇ? ಎದುರಿನ ಚಹಾದ ಹೋಟೆಲಿನಲ್ಲಿ ಕೂತು ಚೀಲದಿಂದ ಬಿಳಿ ಹಾಳೆ ತೆಗೆದೆ. 'ಪ್ರಸವ ವೇದನೆಯಲ್ಲಿರುವ ಅಬಲೆಯನ್ನು ಕೈ ಹಿಡಿದು ಎಳೆದಾಡಿ, ಕವಾಯತು ಮಾಡಿಸಿ, ಆಕೆಯ ಕಣ್ಣೀರಿಗೆ ನಕ್ಕು, ವಿಚಾರಿಸಲು ಹೋದ ಪತಿಯನ್ನು ಗದರಿಸಿ ಹೊರಗಟ್ಟಿರುತ್ತಾರೆ.' ಸೊಗಸಾಗಿ ಬಂದಿತ್ತು, ಸುಳ್ಳು ಹೇಳಬಾರದು. ಎರಡನೇ ಸಲ ಓದುವಾಗ ಆ ಪತಿಯ ಮೇಲೆ ನನಗೇ ಕನಿಕರ ಹುಟ್ಟಿತು. ಮೂಲ ಅರ್ಜಿ ದವಾಖಾನೆಯ ದೊಡ್ಡ ಡಾಕ್ಟರಿಗೆ, ಜೆರಾಕ್ಸ್ ಪ್ರತಿಗಳು ಮೇಲಿನ ಕಚೇರಿಗಳಿಗೆ. ಲಕೋಟೆ, ಅಂಚೆಚೀಟಿ ನನ್ನ ಚೀಲದಲ್ಲಿ ಸದಾ ಇರುತ್ತವೆ. ಪ್ರತಿಗಳನ್ನು ಅಂಚೆ ಡಬ್ಬಿಗೆ ಹಾಕಿ, ಮೂಲವನ್ನು ಅಂಗಿಯ ಜೇಬಿಗಿಟ್ಟು ದವಾಖಾನೆಗೆ ಮರಳಿದೆ. ಡಾಕ್ಟರು ಊಟಕ್ಕೆ ಹೋಗಿದ್ದರು. ಬೆಂಚಿನ ಮೇಲೆ ಕೂತೆ.

ಎರಡಕ್ಕೆ ಆ ಸಿಸ್ಟರ್ ಡ್ಯೂಟಿ ಮುಗಿಯಿತು. ಅವರದೂ ಹುಮನಾಬಾದೇ, ದಿನಾ ಬಸ್ಸಿಗೆ ಓಡಾಡುವವರು ಎಂದು ಅತ್ತೆ ಹೇಳಿದ್ದರು. ಬದಲಿಗೆ ಇನ್ನೊಬ್ಬರು ಬಂದರು, ಇವರು ಚೀಲ ಹೆಗಲಿಗೇರಿಸಿ ಹೊರಟರು. ಬಾಗಿಲು ದಾಟುವಷ್ಟರಲ್ಲಿ ಒಳಗಿಂದ ಹೆಂಡತಿಯ ಕೂಗು ಕೇಳಿತು. ಕೂಗಿದ್ದು ನನ್ನನ್ನಲ್ಲ, ತಾಯಿಯನ್ನೂ ಅಲ್ಲ. "ಸಿಸ್ಟರ್" ಅಂತ.

ಅವರು ನಿಂತರು. ಚೀಲವನ್ನು ನನ್ನ ಪಕ್ಕ ಇಟ್ಟರು. "ಇದನ್ನ ಜರಾ ನೋಡಕೋರಿ" ಎಂದು ಒಳಗೆ ಹೋದರು.

ಹೀಗೆ ನಾನು ಯಾರ ಮೇಲೆ ಅರ್ಜಿ ಬರೆದಿದ್ದೆನೋ ಅವರ ಚೀಲವನ್ನು ಮೂರು ತಾಸು ಕಾದೆ. ಚೀಲದ ಬಾಯಿಂದ ಖಾಲಿ ಡಬ್ಬಿಯೊಂದು ಇಣುಕುತ್ತಿತ್ತು. ಒಂದು ಸಲವೂ ಎದ್ದು ನೀರು ಕುಡಿಯಲಿಲ್ಲ, ಚೀಲ ಹೋದರೆ ಎಂಬ ಭಯ.

ಐದರ ಸುಮಾರಿಗೆ ಕೂಸು ಅತ್ತಿತು. ಸಿಸ್ಟರೇ ಹೊರಗೆ ಬಂದರು. "ಹೆಣ್ಣು ಕೂಸು. ತಾಯಿ ಮಗಳು ಇಬ್ರೂ ಆರಾಮ ಅದಾರ." ಅವರ ಮಣಿಕಟ್ಟಿನ ಮೇಲೆ ಉಗುರುಗಳ ಗಾಯ, ರಕ್ತ ಒಸರುತ್ತಿತ್ತು. ಕೈಗೇನಾಯಿತೆಂದು ಕೇಳಿದೆ.

"ನಿಮ್ಮ ಮನಿಯಾಕಿ ದಸ್ತಖತ್ ಹಾಕ್ಯಾಳ್ರಿ" ಎಂದು ನಕ್ಕು, ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಒಳಗೆ ಹೆಂಡತಿ ಹೇಳಿದಳು. "ಇದೂ ಹೋಗ್ತದ, ಇದೂ ಹೋಗ್ತದ ಅಂತ ನಾ ಅಳಾಕತ್ತಿದ್ದೆ. ಅಂದಾಗೊಮ್ಮೆ ಆ ಮಶೀನ್ ಹೊಟ್ಟಿಗಿ ಹಚ್ಚಿ ಎದಿಬಡಿತ ಕೇಳಸ್ತಿದ್ರು. ಕೇಳು, ಇಲ್ಲೇ ಅದ, ಅಂತ. ಎಷ್ಟ ಸಲ ಅಂದ್ರೂ ಬ್ಯಾಸರ ಮಾಡ್ಕೊಳ್ಳಿಲ್ಲ. ಆಕಿ ಕೈ ಬಿಟ್ರ ಕೂಸೂ ಬಿಡ್ತದ ಅನಸ್ತಿತ್ತು ನನಗ."

ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಜೇಬಿನ ಅರ್ಜಿಯನ್ನು ಚೂರು ಚೂರು ಮಾಡಿದೆ. ಪ್ರತಿಗಳು ನೆನಪಾದವು. ಪ್ರತಿಗಳನ್ನು ಯಾರು ಓದುತ್ತಾರೆ ಬಿಡು ಎಂದುಕೊಂಡೆ.

ಮೂರೇ ವಾರ. ಬದು, ಗಟಾರ, ಪಿಂಚಣಿ ಎಂದು ನಾನು ಬರೆದ ಅರ್ಜಿಗಳೆಲ್ಲ ಯಾವ ಯಾವ ಕಪಾಟಿನಲ್ಲೋ ಮಲಗಿದ್ದಾಗ ಇದೊಂದು ಎದ್ದು ನಡೆದಿತ್ತು. ಮಧ್ಯಾಹ್ನ ಟೇಬಲಿನ ಮುಂದೆ ನೆರಳು ಬಿತ್ತು. ತಲೆಯೆತ್ತಿದರೆ ಸಿಸ್ಟರ್.

"ಸರ, ಒಂದ ಉತ್ತರ ಬರಸಬೇಕಿತ್ರಿ."

ನೋಟಿಸನ್ನು ಮುಂದಿಟ್ಟರು. ಅದಕ್ಕೆ ಪಿನ್ನು ಹೊಡೆದ ಕಾಗದದಲ್ಲಿ ನನ್ನದೇ ದುಂಡಗಿನ ಅಕ್ಷರ. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. "ಅರ್ಜಿ ವಾಪಸ್ ತಗೋತೀನ್ರಿ" ಅಂದೆ.

"ಅದನ್ನೂ ಕೇಳೀನ್ರಿ. ವಾಪಸ್ ತಗೊಂಡ್ರೂ ನಂದು ಉತ್ತರ ಬೇಕಂತ. ಸರಿ ಅನಸಲಿಲ್ಲಂದ್ರ ಕೆಲಸದಿಂದ ತಗೀತಾರಂತ. ನಾ ಕಲ್ತದ್ದು ಉರ್ದು ಸಾಲಿ. ಮಾತ ಬರ್ತದ, ಕಾಗದ ಬರಂಗಿಲ್ಲ. ಇಷ್ಟ ಚೊಲೋ ಬರಿಯವ್ರು ಮತ್ತ ಯಾರದಾರ ಇಲ್ಲಿ?"

ಆ ಮಾತಿನಲ್ಲಿ ಕೊಂಕು ಹುಡುಕಿದೆ. ಸಿಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಪೆನ್ನು ತೆಗೆದೆ. ನನ್ನ ಆರೋಪಗಳನ್ನು ನಾನೇ ಓದುವುದು, ಅವರು ಹೇಳುವುದು, ನಾನು ಬರೆಯುವುದು. ಕವಾಯತಿಗೆ ಅವರು ಹೇಳಿದ್ದು: ನಡೆದರೆ ಹೆರಿಗೆ ಸಲೀಸು. ನಕ್ಕದ್ದಕ್ಕೆ: "ನಾನೂ ಮಾರಿ ಸಣ್ಣದ ಮಾಡಿದ್ರ ಆಕಿ ಯಾರ ಮಾರಿ ನೋಡಬೇಕ್ರಿ?" ಕೈ ಹಿಡಿದು ಎಳೆದಾಡಿದ್ದಕ್ಕೆ ಸ್ವಲ್ಪ ಯೋಚಿಸಿದರು.

"ನಾ ಹಿಡದಿದ್ದಿಲ್ರಿ. ಆಕಿನೇ ಹಿಡದಿದ್ಲು. ಬಿಡಸ್ಕೊಂಡ್ರ ಅಂಜತಾಳಂತ ಹಂಗೇ ಬಿಟ್ಟೆ. ಇದನ್ನ ಹ್ಯಾಂಗ ಬರೀಬೇಕೋ ನೀವ ನೋಡ್ರಿ."

ಅವರು ಹೇಳಿದ ಹಾಗೇ ಬರೆದೆ. ಅವಗಾಹನೆ, ವಿನಂತಿ ಯಾವುದೂ ಹೊಳೆಯಲಿಲ್ಲ.

"ಇನ್ನೊಂದ ಸಾಲು" ಎಂದರು. "ಅರ್ಜಿದಾರರ ಮ್ಯಾಲ ನಂದೇನೂ ಸಿಟ್ಟಿಲ್ಲ. ಮೊದಲ ಕೂಸ ಕಳಕೊಂಡಿದ್ರು. ಅವ್ರೂ ಅಂಜಿದ್ರು. ಅವ್ರ ಕೈ ಹಿಡಿಯಾಕ ಅಲ್ಲಿ ಯಾರೂ ಇದ್ದಿಲ್ಲ."

ಬರೆದದ್ದನ್ನು ಬರೆಸಿದವರಿಗೆ ಗಟ್ಟಿಯಾಗಿ ಓದಿ ಹೇಳದೆ ಸಹಿ ಮಾಡಿಸಬಾರದು, ಅದು ನಮ್ಮ ಕಸುಬಿನ ನೇಮ. ಸುತ್ತ ನಾಲ್ಕು ಜನ ಕಾಯುತ್ತಿದ್ದರು. ಓದಿದೆ. ಕೊನೆಯ ಸಾಲಿಗೆ ಬಂದಾಗ ಕಾಗದ ಕೆಳಗಿಟ್ಟೆ. "ಇರ್ಲಿ ಬಿಡ್ರಿ, ಅದು ನನಗ ಗೊತ್ತದ" ಎಂದು ಅವರು ಸಹಿ ಹಾಕಿದರು. ಕೆಳಗೆ ಚಾಳಿಯಂತೆ ಪಟ್ಟಿ ಬರೆದೆ. ಈ ಸಲ ಒಂದೇ ಹೆಸರು. ಪ್ರತಿ: ಅರ್ಜಿದಾರರಿಗೆ.

ಅವರ ಕೆಲಸ ಉಳಿಯಿತು. ಆ ಪ್ರತಿಯನ್ನು ಹೆಂಡತಿಗೆ ಕೊಟ್ಟೆ. ನಾನು ಅರ್ಜಿ ಬರೆದದ್ದೇ ಅವಳಿಗೆ ಗೊತ್ತಿರಲಿಲ್ಲ. ಓದಿ, ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಅದನ್ನು ಮಡಚಿ ಮಗಳ ಲಸಿಕೆ ಕಾರ್ಡಿನ ಕವರಿನೊಳಗೆ ಇಟ್ಟಳು.

ಮಗಳು ಈಗ ಒಂದನೇ ಇಯತ್ತೆ. ಅಕ್ಷರ ಕಂಡಲ್ಲೆಲ್ಲ ಓದುವ ಹುಚ್ಚು. ಮೊನ್ನೆ ಸಾಲೆಯವರು ಆ ಕಾರ್ಡ್ ಕೇಳಿದಾಗ ಕವರಿನಿಂದ ಕಾಗದ ಜಾರಿತು. ನೆಲದ ಮೇಲೆ ಹರಡಿಕೊಂಡು, ಬೆರಳಿಟ್ಟು, ಕೊನೆಯ ಸಾಲನ್ನೇ ಹಿಡಿದಳು.

"ಅವ್ರೂ ಅಂಜಿದ್ರು. ಯಾರಪ್ಪಾ ಅಂಜಿದ್ದು?"

ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

"ನಾನವ್ವ" ಅಂದೆ.